ಕಲಾತಪಸ್ವಿ ವೆಂಕಟಪ್ಪ

ಮನೆ ಕಟ್ಟುವವರು ಮೊದಲು ನೆಲವನ್ನು ಅಗೆದು ತಳಹದಿ ಹಾಕುತ್ತಾರೆ. ಗೋಡೆ ಎದ್ದು, ಮಾಳಿಗೆ ಮುಚ್ಚಿ, ಸುಣ್ಣಬಣ್ಣಗಳಾದ ಮೇಲೆ ಆ ತಳಹದಿ ಯಾರ ಕಣ್ಣಿಗೂ ಬೀಳುವುದಿಲ್ಲ. ಬಂದವರು ಬಾಗಿಲಿನ ಕೆತ್ತನೆಯನ್ನು ಹೊಗಳುತ್ತಾರೆ, ಗೋಡೆಯ ಚಿತ್ತಾರವನ್ನು ಮೆಚ್ಚುತ್ತಾರೆ. ಆದರೆ ಕಟ್ಟಡ ನೂರು ವರ್ಷ ಬಾಳುವುದು ಕಾಣದ ಆ ಕಲ್ಲುಗಳ ಬಲದಿಂದಲೇ. ಕಲೆಯ ವಿಷಯದಲ್ಲಿಯೂ ಈ ಮಾತು ಸತ್ಯವಾದುದು. ಕಣ್ಣನ್ನೂ ಕೈಯನ್ನೂ ಹದಗೊಳಿಸುವ ಸಾಧನೆಗಾಗಿ ತಮ್ಮ ಯೌವನದ ಹಲವು ವರ್ಷಗಳನ್ನು ಧಾರೆಯೆರೆದು, ಆ ಬಳಿಕವೇ ಒಂದು ಅರಮನೆಯ ಗೋಡೆಯನ್ನು ಅಲಂಕರಿಸಲು ಮುಂದಾದ ಕನ್ನಡ ನಾಡಿನ ಕಲಾವಿದರೊಬ್ಬರಿದ್ದರು. ಅವರೇ ಕೆ. ವೆಂಕಟಪ್ಪನವರು.

ವೆಂಕಟಪ್ಪನವರು 1886ರಲ್ಲಿ ಮೈಸೂರಿನಲ್ಲಿ ಜನಿಸಿದರು. ಅವರದು ಚಿತ್ರಗಾರರ ಮನೆತನ. ತಂದೆ ಕೃಷ್ಣಪ್ಪನವರು ಅರಮನೆಯ ಆಶ್ರಯದಲ್ಲಿದ್ದ ಚಿತ್ರಕಾರರು. ಇಂತಹ ಮನೆಗಳಲ್ಲಿ ಕಲೆ ಎಂಬುದು ಬೇರೆಯಾಗಿ ಕಲಿಯಬೇಕಾದ ಪಾಠವಾಗಿರಲಿಲ್ಲ. ಅದು ಬದುಕಿನ ಕ್ರಮವೇ ಆಗಿತ್ತು. ಮಕ್ಕಳು ಹಿರಿಯರ ಬಳಿ ಕುಳಿತು ಬಣ್ಣ ಅರೆಯುವುದನ್ನು, ಹಲಗೆ ಸಿದ್ಧಪಡಿಸುವುದನ್ನು, ಅಳಿಲಿನ ಬಾಲದ ಕೂದಲಿನಿಂದ ಕುಂಚ ಕಟ್ಟುವುದನ್ನು ನೋಡುತ್ತ ಬೆಳೆಯುತ್ತಿದ್ದರು. ಕುಂಚ ಹಿಡಿಯುವ ಅಧಿಕಾರ ಒಡನೆಯೇ ದೊರೆಯುತ್ತಿರಲಿಲ್ಲ. ಬಣ್ಣದ ಗುಣವನ್ನು ಬಲ್ಲವನಿಗೆ ಮಾತ್ರ ಬಣ್ಣ ಹಚ್ಚುವ ಯೋಗ್ಯತೆ ಬರುತ್ತದೆಂಬುದು ಆ ಪರಂಪರೆಯ ನಂಬಿಕೆಯಾಗಿತ್ತು.

ಮೈಸೂರಿನ ಸಾಂಪ್ರದಾಯಿಕ ಚಿತ್ರಕಲೆಯ ವಿಧಾನವನ್ನು ಗಮನಿಸಿದರೆ ಈ ನಂಬಿಕೆಯ ಅರ್ಥ ತಿಳಿಯುತ್ತದೆ. ಚಿತ್ರಗಾರನು ಮೊದಲು ಹಲಗೆಯ ಮೇಲೆ ಬಟ್ಟೆಯನ್ನೋ ಕಾಗದವನ್ನೋ ಅಂಟಿಸಿ, ಅದನ್ನು ಉಜ್ಜಿ ನಯಗೊಳಿಸುತ್ತಾನೆ. ಹುಣಿಸೆ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ ರೇಖೆಗಳನ್ನು ಎಳೆಯುತ್ತಾನೆ. ಸಫೇದದ ಪುಡಿಗೆ ಮಕ್ಕಿ ಹಾಲನ್ನೂ ಅಂಟನ್ನೂ ಸೇರಿಸಿ ಹದಮಾಡಿ, ಒಡವೆ, ಕಿರೀಟ, ಸೆರಗಿನ ಅಂಚುಗಳಿರುವ ಕಡೆ ಕುಂಚದಿಂದ ಎಳೆಎಳೆಯಾಗಿ ಉಬ್ಬಿಸುತ್ತಾನೆ. ಅದರ ಮೇಲೆ ಬಂಗಾರದ ರೇಕನ್ನು ಹೊದಿಸುತ್ತಾನೆ. ಮೈಸೂರು ಶೈಲಿಯ ವೈಶಿಷ್ಟ್ಯವೆಂದರೆ ಈ ಉಬ್ಬು ಬಹಳ ತೆಳುವಾಗಿರುವುದು. ತಂಜಾವೂರಿನ ಚಿತ್ರಗಳಲ್ಲಿರುವಷ್ಟು ದಪ್ಪವಾಗಲಿ, ಹರಳುಗಳ ಆಡಂಬರವಾಗಲಿ ಇಲ್ಲಿಲ್ಲ. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಆ ನವಿರಾದ ಗೆರೆಗಳು ಎದ್ದು ತೋರುತ್ತವೆ. ಹೀಗೆ ಅಲ್ಪವಾದ ಉಬ್ಬಿನಿಂದ ಅಧಿಕವಾದ ಪರಿಣಾಮವನ್ನು ಪಡೆಯುವ ಕಲೆ ವೆಂಕಟಪ್ಪನವರ ಮನೆತನದ ಆಸ್ತಿಯಾಗಿತ್ತು. ಮುಂದೆ ಅದೇ ಅವರ ಜೀವನದ ಬಹು ದೊಡ್ಡ ಕೆಲಸಕ್ಕೆ ಒದಗಿಬಂದಿತು.

ವೆಂಕಟಪ್ಪನವರು ಇನ್ನೂ ಬಾಲಕರಾಗಿದ್ದಾಗ, 1897ರಲ್ಲಿ, ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಅದೇ ಸ್ಥಳದಲ್ಲಿ ಹೊಸ ಅರಮನೆಯನ್ನು ನಿರ್ಮಿಸುವ ಕಾರ್ಯ ಒಡನೆಯೇ ಆರಂಭವಾಯಿತು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿ ಅದರ ನಕ್ಷೆಯನ್ನು ಸಿದ್ಧಪಡಿಸಿದರು. 1912ರಲ್ಲಿ ಮುಗಿದ ಆ ಕಟ್ಟಡಕ್ಕೆ ಸುಮಾರು 41 ಲಕ್ಷ ರೂಪಾಯಿಗಳು ವೆಚ್ಚವಾದವು. ಹೊರಗಿನ ಗೋಪುರ ಕಮಾನುಗಳಷ್ಟೇ ಅದರ ಒಳಭಾಗವೂ ಅದ್ಭುತವಾದುದು. ಕಲ್ಯಾಣ ಮಂಟಪಕ್ಕೆ ಗ್ಲಾಸ್ಗೋ ನಗರದಿಂದ ಎರಕದ ಕಬ್ಬಿಣದ ಕಂಬಗಳು ಬಂದವು. ಅದರ ಮೇಲ್ಭಾಗವನ್ನು ನವಿಲಿನ ಚಿತ್ತಾರವುಳ್ಳ ಬಣ್ಣದ ಗಾಜು ಆವರಿಸಿತು. ಅಂಬಾವಿಲಾಸ ಎಂಬ ಖಾಸಗಿ ದರ್ಬಾರು ಸಭಾಂಗಣಕ್ಕೆ ದಂತದ ಕುಸುರಿಯನ್ನು ಕೂಡಿಸಿದ ಬೀಟೆಮರದ ಬಾಗಿಲುಗಳು, ತೇಗದ ಕೆತ್ತನೆ, ಬಣ್ಣದ ಕಲ್ಲುಗಳನ್ನು ಅಳವಡಿಸಿದ ನೆಲಗಟ್ಟು ಇವೆಲ್ಲ ಶೋಭೆ ತಂದವು. ದೂರದೇಶದ ಲೋಹವೂ ನಮ್ಮ ಬಡಗಿಗಳ ಕೈಚಳಕವೂ ಒಂದೇ ಸೂರಿನಡಿ ಸೇರಿದವು.

ಇಂತಹ ಒಂದು ಕೋಣೆಯನ್ನು ರೂಪಿಸುವುದು ಸುಲಭದ ಕೆಲಸವಲ್ಲ. ಚೆಲುವಾದ ವಸ್ತುಗಳನ್ನು ತಂದು ಒಂದೆಡೆ ರಾಶಿ ಹಾಕಿದ ಮಾತ್ರಕ್ಕೆ ಕೋಣೆ ಚೆಲುವಾಗುವುದಿಲ್ಲ. ಬೆಳಕು ಯಾವ ಕಿಟಕಿಯಿಂದ ಯಾವ ಹೊತ್ತಿನಲ್ಲಿ ಒಳಬರುತ್ತದೆ, ಕುಳಿತವರ ಕಣ್ಣು ಎಷ್ಟು ಎತ್ತರದಲ್ಲಿರುತ್ತದೆ, ಗೋಡೆಯ ಬಣ್ಣ ನೆಲದ ಬಣ್ಣವನ್ನು ಹೇಗೆ ಮಾರ್ಪಡಿಸುತ್ತದೆ, ಯಾವ ಭಾಗ ತುಂಬಿರಬೇಕು, ಯಾವ ಭಾಗ ಖಾಲಿಯಾಗಿರಬೇಕು ಎಂಬುದನ್ನೆಲ್ಲ ಅರಿತವನು ಮಾತ್ರ ಈ ಕೆಲಸವನ್ನು ಮಾಡಬಲ್ಲ. ಈ ಅರಿವೇ ಇಂದು ಒಳಾಂಗಣ ವಿನ್ಯಾಸವೆಂಬ ಹೆಸರಿನಿಂದ ಕಾಲೇಜುಗಳಲ್ಲಿಯೂ ವಿಶ್ವವಿದ್ಯಾನಿಲಯಗಳಲ್ಲಿಯೂ ಕಲಿಸಲ್ಪಡುವ ಶಾಸ್ತ್ರವಾಗಿದೆ. ವೆಂಕಟಪ್ಪನವರ ಕಾಲದಲ್ಲಿ ಆ ಹೆಸರಿನ ಪದವಿ ನಮ್ಮ ನಾಡಿನಲ್ಲಿ ಇರಲಿಲ್ಲ. ಆದರೆ ಆ ವಿದ್ಯೆಗೆ ಬೇಕಾದ ಪೂರ್ವಸಿದ್ಧತೆಯನ್ನು ಅವರು ಮಾಡಿಕೊಂಡಷ್ಟು ದೀರ್ಘವಾಗಿ ಮಾಡಿಕೊಂಡವರು ವಿರಳ.

ಆಗ ಮೈಸೂರು ಸಂಸ್ಥಾನವನ್ನು ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಅವರು ವೆಂಕಟಪ್ಪನವರಿಗಿಂತ ಎರಡು ವರ್ಷಗಳಷ್ಟು ಮಾತ್ರ ಹಿರಿಯರು. ಚಿತ್ರಗಾರರ ಮನೆಯ ಈ ತರುಣನಲ್ಲಿದ್ದ ಪ್ರತಿಭೆ ಮಹಾರಾಜರ ಗಮನಕ್ಕೆ ಬಂದಿತು. ಅರಮನೆಯ ಪ್ರೋತ್ಸಾಹದಿಂದ ವೆಂಕಟಪ್ಪನವರು ಮೊದಲು ಮೈಸೂರಿನಲ್ಲಿಯೂ ಅನಂತರ ಮದರಾಸಿನ ಕಲಾಶಾಲೆಯಲ್ಲಿಯೂ ವ್ಯಾಸಂಗ ಮಾಡಿದರು. ಮದರಾಸಿನ ಶಾಲೆ 1850ರಲ್ಲಿ ಆರಂಭವಾದದ್ದು. ಭಾರತದ ಹಳೆಯ ಕಲಾಶಾಲೆಗಳಲ್ಲಿ ಒಂದು.

ಆ ಕಾಲದ ಕಲಾಶಾಲೆಗಳ ಪಾಠಕ್ರಮ ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್ನಿನಲ್ಲಿ ರೂಪುಗೊಂಡ ಪದ್ಧತಿಯನ್ನು ಅನುಸರಿಸುತ್ತಿತ್ತು. ಆ ಪದ್ಧತಿಯಲ್ಲಿ ಇಪ್ಪತ್ತಮೂರು ಹಂತಗಳಿದ್ದವು. ಉಪಕರಣಗಳ ಸಹಾಯದಿಂದ ಸರಳರೇಖೆಗಳನ್ನು ಎಳೆಯುವುದು ಮೊದಲ ಹಂತ. ಆಮೇಲೆ ಬರಿಗೈಯಿಂದ ಬಾಹ್ಯರೇಖೆಗಳನ್ನು ಬಿಡಿಸುವುದು, ನೆರಳು ಬೆಳಕುಗಳನ್ನು ಗುರುತಿಸುವುದು, ಹೂವು ಎಲೆಗಳನ್ನು ನೋಡಿ ಬರೆಯುವುದು, ಮನುಷ್ಯ ಶರೀರವನ್ನು ಅಭ್ಯಸಿಸುವುದು, ಮಣ್ಣಿನಲ್ಲಿ ಮೆತ್ತುವುದು ಮುಂತಾದುವು. ಅಲಂಕಾರವನ್ನು ಸ್ವತಂತ್ರವಾಗಿ ರಚಿಸುವ ಅವಕಾಶ ಬರುತ್ತಿದ್ದುದು ಬಹುಮಟ್ಟಿಗೆ ಕೊನೆಯ ಹಂತಗಳಲ್ಲಿ. ಮೆಟ್ಟಿಲು ಹತ್ತದೆ ಮಹಡಿ ಸೇರಲಾಗದು ಎಂಬುದು ಅದರ ತತ್ತ್ವ.

ಈ ಪದ್ಧತಿಯಲ್ಲಿ ಗುಣವೂ ಇತ್ತು, ದೋಷವೂ ಇತ್ತು. ಅದು ಕೈಗೆ ಶಿಸ್ತನ್ನೂ ಕಣ್ಣಿಗೆ ಅಳತೆಯನ್ನೂ ಕೊಟ್ಟಿತು. ಆದರೆ ವಿದ್ಯಾರ್ಥಿಯ ಮುಂದೆ ಇಡುತ್ತಿದ್ದ ಮಾದರಿಗಳಲ್ಲಿ ಹಲವು ಗ್ರೀಸ್, ರೋಮ್ ದೇಶಗಳ ಶಿಲ್ಪಗಳ ಅಚ್ಚುಗಳಾಗಿದ್ದವು. ತನ್ನ ಊರಿನ ಗುಡಿಯ ಗೋಡೆಯಲ್ಲಿ ಎಂತಹ ಸೌಂದರ್ಯವಿದೆಯೆಂದು ಹುಡುಗನು ತಿಳಿಯುವ ಮೊದಲೇ ಪರದೇಶದ ಮೂಗು ತುಟಿಗಳನ್ನು ನಕಲು ಮಾಡಬೇಕಾಗುತ್ತಿತ್ತು. ತಳಹದಿ ಗಟ್ಟಿಯಾಗಿತ್ತು ನಿಜ. ಆದರೆ ಅದರ ಮೇಲೆ ಯಾರ ಮನೆಯನ್ನು ಕಟ್ಟಬೇಕೆಂಬ ಪ್ರಶ್ನೆ ಉಳಿದೇ ಇತ್ತು.

ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ನಡೆದಿತ್ತು. ಅಲ್ಲಿ ಪ್ರಾಂಶುಪಾಲರಾಗಿದ್ದ ಇ. ಬಿ. ಹಾವೆಲ್ ಅವರು ಯೂರೋಪಿನ ಅಚ್ಚುಗಳನ್ನು ಬದಿಗಿರಿಸಿ, ಮೊಗಲ್ ಮತ್ತು ರಜಪೂತ ಚಿತ್ರಗಳನ್ನು ವಿದ್ಯಾರ್ಥಿಗಳ ಮುಂದಿಟ್ಟರು. ಅವರ ಆಹ್ವಾನದಂತೆ 1905ರಲ್ಲಿ ಅವನೀಂದ್ರನಾಥ ಠಾಕೂರರು ಉಪಪ್ರಾಂಶುಪಾಲರಾಗಿ ಬಂದರು. ಕವಿ ರವೀಂದ್ರನಾಥ ಠಾಕೂರರ ಬಂಧುವಾದ ಇವರು ಭಾರತೀಯ ಚಿತ್ರಕಲೆಯ ಪುನರುಜ್ಜೀವನದ ನಾಯಕರಾದರು. ಮೈಸೂರಿನ ಸಹಾಯವನ್ನು ಪಡೆದು 1909ರಲ್ಲಿ ವೆಂಕಟಪ್ಪನವರು ಈ ಗುರುವಿನ ಬಳಿಗೆ ಹೊರಟರು. ಆಗ ಅವರಿಗೆ ಇಪ್ಪತ್ತಮೂರು ವರ್ಷ. ಅದಾಗಲೇ ಮನೆಯ ವಿದ್ಯೆಯನ್ನೂ ಎರಡು ಊರುಗಳ ಶಾಲೆಯ ವಿದ್ಯೆಯನ್ನೂ ಗಳಿಸಿದ್ದ ಅವರು, ಮತ್ತೊಮ್ಮೆ ವಿದ್ಯಾರ್ಥಿಯಾಗಿ ಕುಳಿತರು.

ಅವನೀಂದ್ರನಾಥರು ಜಪಾನಿನಿಂದ ಬಂದಿದ್ದ ಕಲಾವಿದರ ಸಹವಾಸದಲ್ಲಿ ಒಂದು ಹೊಸ ವಿಧಾನವನ್ನು ಕಂಡುಕೊಂಡಿದ್ದರು. ಚಿತ್ರಕ್ಕೆ ಜಲವರ್ಣವನ್ನು ಹಚ್ಚಿ, ಒಣಗಿದ ಮೇಲೆ ಕಾಗದವನ್ನು ನೀರಿನಲ್ಲಿ ತೋಯಿಸಿ, ಮತ್ತೆ ತೆಳುವಾಗಿ ಬಣ್ಣದ ಪೊರೆಯನ್ನು ಹಾಯಿಸುವುದೇ ಆ ವಿಧಾನ. ಹೀಗೆ ಹಲವು ಸಲ ಮಾಡಿದರೆ ಬಣ್ಣಗಳು ಒಂದರೊಳಗೊಂದು ಕರಗಿ, ಮಂಜಿನ ಮುಸುಕಿನಲ್ಲಿ ಕಂಡಂತೆ ಮೃದುವಾಗುತ್ತವೆ. ಇದಕ್ಕೆ ಬೇಕಾದುದು ಅವಸರವಲ್ಲ, ಸಹನೆ. ಮೈಸೂರಿನ ಬಂಗಾರದ ರೇಕಿಗೂ ಕಲ್ಕತ್ತೆಯ ಈ ಮಂಜಿಗೂ ಬಹಳ ಅಂತರ. ಆದರೂ ಬಾಲ್ಯದಲ್ಲಿ ಪದರದ ಮೇಲೆ ಪದರವಾಗಿ ಚಿತ್ರವನ್ನು ಬೆಳೆಸುವುದನ್ನು ಕಂಡಿದ್ದವರಿಗೆ ಈ ಸಹನೆ ಹೊಸದೆನಿಸಿರಲಾರದು.

ಕಲ್ಕತ್ತೆಯಲ್ಲಿ ವೆಂಕಟಪ್ಪನವರ ಜೊತೆಗಾರರಾಗಿದ್ದವರು ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್, ಸಮರೇಂದ್ರನಾಥ ಗುಪ್ತ ಮೊದಲಾದವರು. ಅವನೀಂದ್ರನಾಥರು ಭಾರತೀಯ ಶಿಲ್ಪಶಾಸ್ತ್ರದಲ್ಲಿ ಹೇಳಿರುವ ಅಂಗಲಕ್ಷಣಗಳನ್ನು ಕುರಿತು ಬರೆದ ಪುಸ್ತಕಕ್ಕೆ ನಂದಲಾಲರೂ ವೆಂಕಟಪ್ಪನವರೂ ರೇಖಾಚಿತ್ರಗಳನ್ನು ಒದಗಿಸಿದರು. ಸೋದರಿ ನಿವೇದಿತಾ ಆರಂಭಿಸಿ ಆನಂದ ಕುಮಾರಸ್ವಾಮಿಯವರು ಪೂರ್ಣಗೊಳಿಸಿದ, ಹಿಂದೂ ಮತ್ತು ಬೌದ್ಧ ಪುರಾಣಕಥೆಗಳ ಗ್ರಂಥ 1913ರಲ್ಲಿ ಪ್ರಕಟವಾದಾಗ ಅದರಲ್ಲಿ ವೆಂಕಟಪ್ಪನವರ ಚಿತ್ರಗಳೂ ಸೇರಿದ್ದವು. ಮೈಸೂರಿನ ಚಿತ್ರಗಾರರ ಮನೆಯ ಹುಡುಗನ ಕೈಬರಹ ಹೀಗೆ ಕಡಲಾಚೆಯ ಓದುಗರನ್ನೂ ತಲುಪಿತು.

ಸುಮಾರು ಏಳು ವರ್ಷಗಳ ಕಾಲ ವೆಂಕಟಪ್ಪನವರು ಅಲ್ಲಿದ್ದರು. ವ್ಯಾಸಂಗ ಮುಗಿಸಿದ ಅವನೀಂದ್ರನಾಥರ ಶಿಷ್ಯರು ದೇಶದ ನಾಲ್ಕು ದಿಕ್ಕುಗಳಿಗೂ ಚದುರಿದರು. ನಂದಲಾಲರು ಶಾಂತಿನಿಕೇತನವನ್ನು ಸೇರಿದರು. ಸಮರೇಂದ್ರನಾಥರು ಲಾಹೋರಿಗೂ ಹಾಲ್ದಾರರು ಲಖನೌಗೂ ಹೋಗಿ ಕಲಾಶಾಲೆಗಳನ್ನು ನಡೆಸಿದರು. ವೆಂಕಟಪ್ಪನವರು ತಾಯ್ನಾಡಿಗೆ ಮರಳಿದರು. ದೊಡ್ಡ ಗುರುವಿನ ಶಿಷ್ಯನೆಂಬ ಹೆಸರಿತ್ತು, ಮಹಾರಾಜರ ಅಭಿಮಾನವಿತ್ತು. ಕೇಳಿದವರಿಗೆಲ್ಲ ಚಿತ್ರ ಬರೆದುಕೊಟ್ಟು ಸುಖವಾಗಿ ಕಾಲ ಕಳೆಯಬಹುದಾಗಿತ್ತು. ಆದರೆ ಅವರು ಆ ದಾರಿಯನ್ನು ಹಿಡಿಯಲಿಲ್ಲ. ಮೂವತ್ತು ವರ್ಷ ದಾಟಿದ ಮೇಲೆ ಮತ್ತೊಂದು ವಿದ್ಯೆಗೆ ಕೈಯಿಟ್ಟರು.

ಆ ವಿದ್ಯೆ ವೀಣಾವಾದನ. ಮೈಸೂರಿನ ಆಸ್ಥಾನ ವಿದ್ವಾಂಸರಾದ ವೀಣೆ ಶೇಷಣ್ಣನವರು ಆ ಕಾಲದ ಶ್ರೇಷ್ಠ ವೈಣಿಕರು. ವೆಂಕಟಪ್ಪನವರು ಅವರಲ್ಲಿ ಶಿಷ್ಯವೃತ್ತಿ ಮಾಡಿದರು. ಚಿತ್ರಕಲೆಯಲ್ಲಿ ಹೆಸರು ಗಳಿಸಿದವರು ತಂತಿಯ ಮೇಲೆ ಬೆರಳಿಟ್ಟು ಸರಳೆಯಿಂದ ತೊಡಗುವುದೆಂದರೆ ಸಾಮಾನ್ಯ ಸಂಗತಿಯಲ್ಲ. ಅದಕ್ಕೆ ಅಹಂಕಾರವನ್ನು ಬಾಗಿಲಲ್ಲಿಯೇ ಬಿಟ್ಟು ಒಳಹೋಗಬೇಕು. ವೀಣೆಯ ಗೀಳು ಅವರನ್ನು ಎಷ್ಟು ಆಳವಾಗಿ ಆವರಿಸಿತ್ತೆಂದರೆ, ಆ ಹುಚ್ಚನ್ನೇ ವಸ್ತುವಾಗಿಟ್ಟುಕೊಂಡು 1926ರಲ್ಲಿ ಅವರು ಒಂದು ಚಿತ್ರವನ್ನು ರಚಿಸಿದರು. ಅದೇ ವರ್ಷ ಶೇಷಣ್ಣನವರು ತೀರಿಕೊಂಡರು. ನಾದದ ಸಾಧನೆ ವೆಂಕಟಪ್ಪನವರ ಚಿತ್ರಕಲೆಗೆ ಅಡ್ಡಿಯಾಯಿತೆಂದು ಭಾವಿಸುವುದು ಸರಿಯಲ್ಲ. ಎಷ್ಟು ಮೀಟಬೇಕು, ಎಲ್ಲಿ ಮೌನವಾಗಿರಬೇಕು ಎಂಬ ವಿವೇಕ ಎರಡು ಕಲೆಗಳಿಗೂ ಸಮಾನವಾದುದು.

ಅವರ ಭೂದೃಶ್ಯಗಳನ್ನು ನೋಡಿದವರಿಗೆ ಈ ಮಾತಿನ ನಿಜ ಮನವರಿಕೆಯಾಗುತ್ತದೆ. 1920 ಮತ್ತು 1930ರ ದಶಕಗಳಲ್ಲಿ ವೆಂಕಟಪ್ಪನವರು ಉದಕಮಂಡಲದಲ್ಲಿಯೂ ಕೊಡೈಕಾನಲಿನಲ್ಲಿಯೂ ತಂಗಿ, ಅಲ್ಲಿನ ಬೆಟ್ಟ, ಸರೋವರ, ಮೋಡಗಳನ್ನು ಜಲವರ್ಣದಲ್ಲಿ ಚಿತ್ರಿಸಿದರು. ಮುಂಗಾರಿನ ಮೋಡ ಬಿರಿಯುವ ಕ್ಷಣ, ಬೆಳುದಿಂಗಳು ನೀರನ್ನು ಮುಟ್ಟುವ ಕ್ಷಣ, ಇಬ್ಬನಿ ಎದ್ದು ಗಿಡಮರಗಳು ಹೊರತೋರುವ ಕ್ಷಣ ಇವೇ ಅವರಿಗೆ ಪ್ರಿಯವಾದ ವಸ್ತುಗಳು. ಒಂದೇ ಕಣಿವೆ ಬೆಳಗಿನಲ್ಲಿ ಒಂದಾಗಿ, ಸಂಜೆಯಲ್ಲಿ ಮತ್ತೊಂದಾಗಿ ಕಾಣುವುದನ್ನು ಅವರು ಕಣ್ಣಿಟ್ಟು ಗಮನಿಸಿದರು. ಬೆಳಕು ಬದಲಾದರೆ ಆಕಾರವೂ ಬದಲಾಗುತ್ತದೆ ಎಂಬ ಪಾಠವನ್ನು ಪ್ರಕೃತಿಯಿಂದ ಕಲಿತರು. ಬೆಟ್ಟದ ತಪ್ಪಲಿನಲ್ಲಿ ಕಲಿತ ಈ ಪಾಠವೇ ಅರಮನೆಯ ನಾಲ್ಕು ಗೋಡೆಗಳ ನಡುವೆಯೂ ಬೇಕಾದುದು.

ಅರಮನೆಯ ಕೆಲಸ ಅವರ ಕೈಸೇರಿತು. ಅಂಬಾವಿಲಾಸವನ್ನು ಅಲಂಕರಿಸಲು ಪುರಾಣ ಪ್ರಸಂಗಗಳ ಉಬ್ಬುಶಿಲ್ಪಗಳನ್ನು ರಚಿಸಬೇಕೆಂದು ನಾಲ್ವಡಿ ಕೃಷ್ಣರಾಜ ಒಡೆಯರು ವೆಂಕಟಪ್ಪನವರಿಗೆ ವಹಿಸಿದರು. ಚಿತ್ರಕಾರರು ಈಗ ಶಿಲ್ಪಿಯೂ ಆಗಬೇಕಾಯಿತು. ಅವರು ಆರಿಸಿಕೊಂಡ ಮಾಧ್ಯಮ ಪ್ಲಾಸ್ಟರ್ ಆಫ್ ಪ್ಯಾರಿಸ್. ಜಿಪ್ಸಮ್ ಖನಿಜವನ್ನು ಸುಟ್ಟು ಪುಡಿಮಾಡಿದಾಗ ದೊರೆಯುವ ಈ ಬಿಳಿಯ ವಸ್ತು ನೀರಿನೊಡನೆ ಸೇರಿ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಅದರಲ್ಲಿ ಬಣ್ಣವಿಲ್ಲ, ಹೊಳಪೂ ಇಲ್ಲ. ನೋಡುಗನ ಕಣ್ಣನ್ನು ಸೆಳೆಯಲು ಇರುವ ಸಾಧನ ಬೆಳಕು ಮತ್ತು ನೆರಳು ಮಾತ್ರ. ಉಬ್ಬು ಒಂದು ಕೂದಲೆಳೆಯಷ್ಟು ಹೆಚ್ಚಾದರೆ ನೆರಳು ಕಪ್ಪಾಗಿ ಮುಖ ಒರಟಾಗುತ್ತದೆ. ಒಂದು ಕೂದಲೆಳೆಯಷ್ಟು ಕಡಿಮೆಯಾದರೆ ಮುಖ ಗೋಡೆಯಲ್ಲಿ ಅಳಿಸಿಹೋಗುತ್ತದೆ.

ಗೋಡೆಯ ಮೇಲೆ ಗಾರೆಯಿಂದ ರೂಪಗಳನ್ನು ಮೂಡಿಸುವುದು ಕನ್ನಡ ನಾಡಿಗೆ ಹೊಸದಲ್ಲ. ನಮ್ಮ ದೇವಾಲಯಗಳ ಗೋಪುರಗಳಲ್ಲಿ ಗಾರೆಯ ಗೊಂಬೆಗಳನ್ನು ಕಾಣಬಹುದು. ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿನ ಪುಷ್ಕರಣಿಯ ನಡುವೆ ನಿಂತಿರುವ ಮಂಟಪ ಹಿಂದೂ ಮತ್ತು ಇಸ್ಲಾಮಿ ಶೈಲಿಗಳ ಕೂಡಿಕೆಯಿಂದ ಪ್ರಸಿದ್ಧವಾಗಿದೆ. ನಮ್ಮ ಕೆಲಸಗಾರರು ಬೇರೆ ಬೇರೆ ಕಡೆಗಳಿಂದ ಬಂದ ವಿದ್ಯೆಯನ್ನು ತಮ್ಮದಾಗಿಸಿಕೊಂಡ ರೀತಿಗೆ ಅದೊಂದು ನಿದರ್ಶನ. ವೆಂಕಟಪ್ಪನವರೂ ಆ ದಾರಿಯಲ್ಲಿಯೇ ನಡೆದರು. ಆಶ್ರಮವನ್ನು ಬಿಟ್ಟು ಹೊರಡುವ ಶಕುಂತಲೆ, ತಾಂಡವವಾಡುವ ಶಿವ ಮೊದಲಾದ ವಸ್ತುಗಳನ್ನು ಅವರು ಉಬ್ಬುಶಿಲ್ಪಗಳಲ್ಲಿ ಮೂಡಿಸಿದರು. ಆ ಶಿಲ್ಪಗಳಲ್ಲಿ ಶಾಲೆಯಲ್ಲಿ ಕಲಿತ ಶರೀರಜ್ಞಾನವಿದೆ. ಅವನೀಂದ್ರನಾಥರಿಂದ ಪಡೆದ ಭಾವದ ಮೃದುತ್ವವಿದೆ. ಎಲ್ಲಕ್ಕಿಂತ ಮಿಗಿಲಾಗಿ, ಮೈಸೂರು ಚಿತ್ರಗಳ ತೆಳುವಾದ ಉಬ್ಬಿನ ನೆನಪಿದೆ. ಬಾಲ್ಯದಲ್ಲಿ ಅಂಗೈಯಗಲದ ಹಲಗೆಯ ಮೇಲೆ ಕಂಡ ವಿದ್ಯೆ ಈಗ ಗೋಡೆಯಗಲಕ್ಕೆ ಬೆಳೆದಿತ್ತು.

ವೆಂಕಟಪ್ಪನವರು ಕೆಲಸದಲ್ಲಿ ಬಹಳ ನಿಷ್ಠುರರು. ತಮಗೆ ಒಪ್ಪಿಗೆಯಾಗದುದನ್ನು ಮುಗಿಯಿತೆಂದು ಹೇಳುವ ಸ್ವಭಾವ ಅವರದಲ್ಲ. ಅವರು ಮದುವೆಯಾಗಲಿಲ್ಲ, ಮಿತವಾದ ಬದುಕನ್ನು ನಡೆಸಿದರು. ಕಲೆಗೆ ಮೀಸಲಾದ ಬದುಕಿನಲ್ಲಿ ಬೇರೆ ಯಾವುದಕ್ಕೂ ಎಡೆಯಿರಲಿಲ್ಲ. ಆದ್ದರಿಂದ ಕೆಲಸ ನಿಧಾನವಾಗಿ ಸಾಗಿತು. ಆ ನಿಧಾನಕ್ಕೆ ಅವರು ದುಬಾರಿಯಾದ ಬೆಲೆಯನ್ನು ತೆರಬೇಕಾಯಿತು. 1940ರ ಆಗಸ್ಟ್ ತಿಂಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ನಿಧನರಾದರು. ಕಲಾವಿದನ ಮನಸ್ಸನ್ನು ಬಲ್ಲ ಆಶ್ರಯದಾತರು ಇಲ್ಲವಾದರು. ಅರಮನೆಯ ಉಬ್ಬುಶಿಲ್ಪಗಳ ಯೋಜನೆ ನಡುವೆಯೇ ನಿಂತಿತು. ಆಗ ವೆಂಕಟಪ್ಪನವರಿಗೆ ಐವತ್ತನಾಲ್ಕು ವರ್ಷ.

ಮಾಡಿದ ಕೆಲಸಕ್ಕೆ ಸಲ್ಲಬೇಕಾದ ಹಣದ ಬಗೆಗೆ ಅರಮನೆಗೂ ಕಲಾವಿದರಿಗೂ ಭಿನ್ನಾಭಿಪ್ರಾಯ ತಲೆದೋರಿ, ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ತಂದೆಯ ಕಾಲದಿಂದ ಯಾವ ಅರಮನೆಯ ಅನ್ನವನ್ನು ಉಂಡಿದ್ದರೋ, ಯಾವ ಅರಮನೆಯ ನೆರವಿನಿಂದ ವಿದ್ಯೆ ಕಲಿತಿದ್ದರೋ ಅದೇ ಅರಮನೆಯ ಎದುರಿಗೆ ನ್ಯಾಯ ಕೇಳಿ ನಿಲ್ಲುವುದು ಅವರಿಗೆ ಎಷ್ಟು ನೋವಿನ ವಿಷಯವಾಗಿದ್ದಿರಬೇಕೆಂದು ಊಹಿಸಬಹುದು. ಆ ದಾವೆಯ ಫಲಕ್ಕಿಂತ ಅದರ ಹಿಂದಿದ್ದ ಪ್ರಶ್ನೆ ಮುಖ್ಯವಾದುದು. ಗೋಡೆಗೆ ಗಾರೆ ಮೆತ್ತಿದವನಿಗೆ ದಿನಗೂಲಿಯ ಲೆಕ್ಕ ಹಾಕಬಹುದು. ಆದರೆ ಶಕುಂತಲೆಯ ಮುಖದಲ್ಲಿ ಅಗಲಿಕೆಯ ದುಃಖವನ್ನು ಮೂಡಿಸಿದವನ ಶ್ರಮವನ್ನು ಯಾವ ಅಳತೆಗೋಲಿನಿಂದ ಅಳೆಯುವುದು? ಕೈ ಓಡಿದ ಗಂಟೆಗಳನ್ನು ಎಣಿಸಬಹುದು. ಆ ಕೈ ಸಿದ್ಧವಾಗಲು ಹಿಡಿದ ವರ್ಷಗಳನ್ನು ಎಣಿಸುವವರು ಯಾರು? ಕಾಣದ ತಳಹದಿಗೆ ಬೆಲೆ ಕಟ್ಟುವುದು ಲೋಕಕ್ಕೆ ಎಂದಿಗೂ ಕಷ್ಟವೇ.

ಆಶ್ರಯ ತಪ್ಪಿದರೂ ವೆಂಕಟಪ್ಪನವರು ತಮ್ಮ ನಿಷ್ಠೆಯನ್ನು ಸಡಿಲಿಸಲಿಲ್ಲ. ಅವರ ಕೊನೆಯ ವರ್ಷಗಳು ಬೆಂಗಳೂರಿನಲ್ಲಿ ಕಳೆದವು. ಕೇಂದ್ರದ ಲಲಿತ ಕಲಾ ಅಕಾಡೆಮಿ ಅವರಿಗೆ ತನ್ನ ಫೆಲೋಷಿಪ್ಪನ್ನು ನೀಡಿ ಗೌರವಿಸಿತು. 1965ರಲ್ಲಿ ಅವರು ದೈವಾಧೀನರಾದರು. ಅವರ ನೆನಪಿಗಾಗಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲಿ, 1970ರ ದಶಕದಲ್ಲಿ ವೆಂಕಟಪ್ಪ ಚಿತ್ರಶಾಲೆ ಸ್ಥಾಪನೆಯಾಯಿತು. ಅವರ ಜಲವರ್ಣಗಳನ್ನೂ ಪ್ಲಾಸ್ಟರಿನ ಉಬ್ಬುಶಿಲ್ಪಗಳನ್ನೂ ಅಲ್ಲಿ ಕಾಪಾಡಿಕೊಂಡು ಬರಲಾಗಿದೆ. ಕರ್ನಾಟಕ ಸರ್ಕಾರವು ಹಿರಿಯ ಕಲಾವಿದರಿಗೆ ವರ್ಣಶಿಲ್ಪಿ ವೆಂಕಟಪ್ಪ ಪ್ರಶಸ್ತಿಯನ್ನು ನೀಡುತ್ತ ಬಂದಿದೆ.

ವೆಂಕಟಪ್ಪನವರು ಕಲ್ಕತ್ತೆಯ ವ್ಯಾಸಂಗವನ್ನು ಮುಗಿಸಿದ ಕೆಲವೇ ವರ್ಷಗಳಲ್ಲಿ, 1919ರಲ್ಲಿ, ಜರ್ಮನಿಯ ವೈಮಾರ್ ನಗರದಲ್ಲಿ ಬೌಹೌಸ್ ಎಂಬ ಕಲಾಶಾಲೆ ಆರಂಭವಾಯಿತು. ಅಲ್ಲಿಗೆ ಬಂದವರು ಮರಗೆಲಸ, ನೇಯ್ಗೆ, ಲೋಹದ ಕೆಲಸ ಯಾವುದನ್ನು ಆರಿಸಿಕೊಳ್ಳುವುದಾದರೂ, ಮೊದಲು ಆರು ತಿಂಗಳ ಒಂದು ಪೂರ್ವಸಿದ್ಧತೆಯ ವ್ಯಾಸಂಗವನ್ನು ಮಾಡಬೇಕಾಗಿತ್ತು. ಅದನ್ನು ರೂಪಿಸಿದವರು ಯೋಹಾನೆಸ್ ಇಟ್ಟೆನ್ ಎಂಬ ಕಲಾವಿದರು. ವಿದ್ಯಾರ್ಥಿಗಳು ಮರ, ಗಾಜು, ಬಟ್ಟೆ, ಕಾಗದಗಳನ್ನು ಮುಟ್ಟಿ ಅವುಗಳ ಗುಣವನ್ನು ಅರಿಯುತ್ತಿದ್ದರು; ಬಣ್ಣಗಳ ಪರಸ್ಪರ ಸಂಬಂಧವನ್ನು ಪರೀಕ್ಷಿಸುತ್ತಿದ್ದರು. ಈ ಕ್ರಮ ಕಾಲಕ್ರಮದಲ್ಲಿ ಅನೇಕ ದೇಶಗಳ ವಿನ್ಯಾಸ ಶಾಲೆಗಳಿಗೆ ಹರಡಿತು. 1961ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯೂ ತನ್ನ ಶಿಕ್ಷಣದಲ್ಲಿ ತಳಹದಿ ವ್ಯಾಸಂಗಕ್ಕೆ ಮಹತ್ತ್ವದ ಸ್ಥಾನವನ್ನು ನೀಡಿತು.

ಕರ್ನಾಟಕದ ದೃಶ್ಯಕಲಾ ಕಾಲೇಜುಗಳಲ್ಲಿಯೂ ಪದವಿಯ ಆರಂಭದ ವರ್ಷವನ್ನು ತಳಹದಿಗೆ ಮೀಸಲಿಡುವ ಪದ್ಧತಿಯಿದೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, 1964ರಲ್ಲಿ ಆರಂಭವಾದ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ ಇವು ಕಲೆಯನ್ನು ಕಲಿಸುವ ನಮ್ಮ ನಾಡಿನ ಸಂಸ್ಥೆಗಳಲ್ಲಿ ಕೆಲವು. ಚನ್ನಗಿರಿ ತಾಲ್ಲೂಕಿನ ನಲ್ಲೂರಿನಂತಹ ಊರಿನಿಂದ ಹೊರಡುವ ವಿದ್ಯಾರ್ಥಿಗೆ ಇಂದು ಕಲಾವಿದ್ಯೆಗಾಗಿ ಕಲ್ಕತ್ತೆಯವರೆಗೆ ಹೋಗಬೇಕಾದ ಅಗತ್ಯವಿಲ್ಲ. ಆದರೆ ಮನೆಗಳ ಒಳಾಂಗಣವನ್ನು ಸುಂದರಗೊಳಿಸಬೇಕೆಂಬ ಆಸೆಯಿಂದ ಹೋದವನಿಗೆ ಮೊದಲ ವರ್ಷ ಎದುರಾಗುವುದು ಗೆರೆ, ಆಕಾರ, ಬಣ್ಣ, ಜೇಡಿಮಣ್ಣುಗಳೇ. ಕುರ್ಚಿ ಮೇಜುಗಳ ವಿನ್ಯಾಸ ಕಲಿಯಲು ಬಂದ ತನಗೆ ಒಂದು ಎಲೆಯನ್ನು ಹತ್ತು ಬಾರಿ ಬರೆಯುವ ಕೆಲಸವೇಕೆ ಎಂದು ಅವನಿಗೆ ಬೇಸರವಾಗಬಹುದು. ಒಂದು ವರ್ಷ ವ್ಯರ್ಥವಾಯಿತೆಂದು ಹೆತ್ತವರೂ ಚಿಂತಿಸಬಹುದು.

ಆ ಬೇಸರಕ್ಕೆ ವೆಂಕಟಪ್ಪನವರ ಜೀವನದಲ್ಲಿ ಉತ್ತರವಿದೆ. ಅವರಿಗೆ ತಳಹದಿಯ ವ್ಯಾಸಂಗ ಒಂದು ವರ್ಷದ್ದಾಗಿರಲಿಲ್ಲ. ಮನೆಯ ಜಗಲಿಯಿಂದ ತೊಡಗಿ ಮೈಸೂರು, ಮದರಾಸು, ಕಲ್ಕತ್ತೆಗಳನ್ನು ಹಾದು, ಶೇಷಣ್ಣನವರ ಮುಂದಿನ ಚಾಪೆಯವರೆಗೆ ಅದು ಹಬ್ಬಿತ್ತು. ಅದರಲ್ಲಿ ಯಾವುದೂ ವ್ಯರ್ಥವಾಗಲಿಲ್ಲ. ಅರಮನೆಯ ಯೋಜನೆ ಪೂರ್ಣವಾಗಲಿಲ್ಲವೆಂಬುದು ನಿಜ. ಆಶ್ರಯದಾತರು ಹೋದರು; ರಾಜ್ಯವೂ ಹೋಯಿತು; ಹಣದ ವ್ಯಾಜ್ಯವನ್ನು ಜನ ಮರೆತರು. ಉಳಿದದ್ದು, ಕಿಟಕಿಯಿಂದ ಓರೆಯಾಗಿ ಬಿದ್ದ ಬೆಳಕಿನಲ್ಲಿ ಇಂದಿಗೂ ಮೆಲ್ಲನೆ ಎದ್ದು ತೋರುವ ಆ ಬಿಳಿಯ ರೂಪಗಳು. ಅವುಗಳ ಕೆಳಗೆ, ಕಣ್ಣಿಗೆ ಕಾಣದಂತೆ, ಹುಣಿಸೆ ಕಡ್ಡಿಯ ಇದ್ದಿಲಿನಿಂದ ಮೊದಲ ಗೆರೆಯನ್ನು ಎಳೆಯಲು ಕಲಿತ ಹುಡುಗನೊಬ್ಬನ ತಾಳ್ಮೆಯಿದೆ.